ತಲೆಯ ಮೇಲೆ ಕ್ಯಾಮೆರಾ: ಸ್ಕೈಡೈವಿಂಗ್ ಫೋಟೋಗೆ ಯಾವ ಬಾಡಿ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನದಿಂದ ಜಿಗಿದು, ಜೊತೆಯಲ್ಲಿ ಬೀಳುತ್ತಿರುವವರ ಫೋಟೋ ತೆಗೆಯುವುದು ನನ್ನ ಕೆಲಸ. ದುಬೈ, ಸ್ಪೇನ್, ಕ್ಯಾಲಿಫೋರ್ನಿಯಾ ಅಂತ ಹೋಗಿ ಲೈಸೆನ್ಸ್ ಮಾಡಿಕೊಂಡ ಕನ್ನಡದ ಗೆಳೆಯರು ಒಬ್ಬರಾದ ಮೇಲೆ ಒಬ್ಬರು ಕ್ಯಾಮೆರಾ ಬಗ್ಗೆ ಕೇಳುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಊರಿಗೆ ಬಂದಾಗ ಕಾಫಿ ಕುಡಿಯುತ್ತಾ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಯಾರೂ ತಪ್ಪು ಕ್ಯಾಮೆರಾ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಭಾಗ) ಮೇಲೆ ದುಡ್ಡು ಸುರಿಯಬಾರದು, ಯಾರೂ ಕತ್ತು ನೋಯಿಸಿಕೊಳ್ಳಬಾರದು. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

## ಶುರುವಿಗೆ

ಮೈಸೂರಲ್ಲಿ ಟ್ಯಾಂಡೆಮ್ ಜಂಪ್ ಮಾಡ್ಬೇಕು ಅಂತಿದ್ದೀನಿ. ನನ್ನ ಕ್ಯಾಮೆರಾ ತಗೊಂಡು ಹೋಗಬಹುದಾ?

ಆಗುವುದಿಲ್ಲ. ಕೈಯಲ್ಲೂ ಬೇಡ, ಜೇಬಲ್ಲೂ ಬೇಡ. ಗಾಳಿಗೆ ಕೈಜಾರಿದ ಫೋನು ಕೆಳಗಿರುವವರ ತಲೆಗೆ ಕಲ್ಲಿನ ಹಾಗೆ ಬಂದು ಬೀಳುತ್ತದೆ. ಟ್ಯಾಂಡೆಮ್‌ನಲ್ಲಿ ಫೋಟೋ ಎರಡು ರೀತಿ ಸಿಗುತ್ತದೆ. ಒಂದು, ನಿಮ್ಮನ್ನು ಕಟ್ಟಿಕೊಂಡು ಜಿಗಿಯುವ ಇನ್‌ಸ್ಟ್ರಕ್ಟರ್ ಎಡಗೈ ಗ್ಲೌಸಿನ ಮೇಲೆ ಗೋಪ್ರೊ ಅನ್ನುವ ಪುಟ್ಟ ವಿಡಿಯೋ ಕ್ಯಾಮೆರಾ ಇಟ್ಟುಕೊಂಡು ತೆಗೆಯುತ್ತಾರೆ. ಇನ್ನೊಂದು, ಬೇರೊಬ್ಬ ಕ್ಯಾಮೆರಾಮನ್ ನಿಮ್ಮ ಎದುರಿಗೇ ಹಾರುತ್ತಾರೆ. ಈ ಪ್ರಶ್ನೋತ್ತರ ಇರುವುದು ಆ ಎರಡನೆಯವರಿಗೆ.

ನಂದು 40 ಜಂಪ್ ಆಗಿದೆ. ಕ್ಯಾಮೆರಾ ಈಗ್ಲೇ ಕೊಂಡುಬಿಡ್ಲಾ?

ಕೊಳ್ಳಿ, ನೆಲದ ಮೇಲೆ ಕಲಿಯಿರಿ. ತಲೆಗೆ ಕಟ್ಟಬೇಡಿ. ಅಮೆರಿಕದ ಸ್ಕೈಡೈವಿಂಗ್ ಸಂಸ್ಥೆ ಯುಎಸ್‌ಪಿಎ ಕೊಡುವ ಸಲಹೆ ಕನಿಷ್ಠ 200 ಜಂಪ್. ಬೇರೆ ದೇಶಗಳ ಬಹಳಷ್ಟು ಡ್ರಾಪ್‌ಜೋನ್‌ಗಳಲ್ಲೂ (ಜಿಗಿಯುವ ತಾಣಗಳಲ್ಲೂ) ಇದೇ ಸಂಖ್ಯೆ ಕೇಳುತ್ತೀರಿ. ಇದು ಗೋಪ್ರೊಗೂ ಸೇರಿ.

ಕಾರಣ ತೂಕ ಒಂದೇ ಅಲ್ಲ, ಗಮನ. ಕ್ಯಾಮೆರಾ ಇದ್ದ ಕೂಡಲೇ ಮನಸ್ಸು ಚೌಕಟ್ಟಿನೊಳಗೆ ಹೋಗಿಬಿಡುತ್ತದೆ. ಎತ್ತರ ಮರೆಯುತ್ತದೆ, ಪಕ್ಕದವರು ಮರೆಯುತ್ತಾರೆ. 1988ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 800ಕ್ಕೂ ಜಾಸ್ತಿ ಜಂಪ್ ಮಾಡಿದ್ದ ಕ್ಯಾಮೆರಾಮನ್ ಒಬ್ಬರು ಪ್ಯಾರಾಶೂಟ್ ಹಾಕಿಕೊಳ್ಳದೆಯೇ ಜಿಗಿದು ತೀರಿಕೊಂಡರು. ಅವರಿಗೆ ಅನುಭವ ಕಡಿಮೆ ಇರಲಿಲ್ಲ. ಪ್ರತಿ ಸಲ ವಿಮಾನದ ಬಾಗಿಲ ಹತ್ತಿರ ಬಂದಾಗ ನನಗೆ ಅವರ ನೆನಪಾಗುತ್ತದೆ. ಮೊದಲು ಎದೆಪಟ್ಟಿ, ಹ್ಯಾಂಡಲ್‌ಗಳನ್ನು ಮುಟ್ಟಿ ನೋಡುತ್ತೇನೆ. ಕ್ಯಾಮೆರಾಗೆ ಕೈ ಹೋಗುವುದು ಆಮೇಲೆ.

ಗೋಪ್ರೊ ಸಾಲಲ್ವಾ? ಸುಮ್ನೆ ಯಾಕೆ ದೊಡ್ಡ ಕ್ಯಾಮೆರಾ?

ಗೆಳೆಯರ ಜೊತೆ ಹಾರುವವರಿಗೆ ಸಾಕು, ಧಾರಾಳವಾಗಿ ಸಾಕು. ಈಚಿನ ಗೋಪ್ರೊಗಳ 5.3ಕೆ ವಿಡಿಯೋದಿಂದ ಒಂದು ಫ್ರೇಮ್ ಎತ್ತಿಕೊಂಡರೆ ಸುಮಾರು 16 ಮೆಗಾಪಿಕ್ಸೆಲ್ ಚಿತ್ರ ಸಿಗುತ್ತದೆ. ತೂಕ 150 ಗ್ರಾಂ ಆಸುಪಾಸು.

ಆದರೆ ಅದರ ಲೆನ್ಸ್ ತುಂಬಾ ಅಗಲ. ಹತ್ತಿರ ಹೋದರೆ ಮೂಗು ಮುಂದೆ ಬರುತ್ತದೆ, ದೂರ ನಿಂತರೆ ಮುಖ ಸಾಸಿವೆ ಕಾಳಿನಷ್ಟಾಗುತ್ತದೆ. ಸೆನ್ಸರ್ ಚಿಕ್ಕದು, ಹಾಗಾಗಿ ಸೂರ್ಯನಿಗೆ ಬೆನ್ನು ಕೊಟ್ಟ ಮುಖದಲ್ಲಿ ಬಣ್ಣ ಉಳಿಯುವುದಿಲ್ಲ. ಜೀವನದಲ್ಲಿ ಒಂದೇ ಸಲ ಜಿಗಿಯುವ ಅಜ್ಜಿಯೊಬ್ಬರ ಫೋಟೋವನ್ನು ಮನೆಯವರು ಫ್ರೇಮ್ ಹಾಕಿಸಿ ಗೋಡೆಗೆ ಹಾಕಬೇಕು ಅಂದರೆ, ಆಗ ದೊಡ್ಡ ಸೆನ್ಸರ್ ಬೇಕು. ಕ್ಯಾಮೆರಾಮನ್‌ಗಳು ಸಾಮಾನ್ಯವಾಗಿ ಎರಡನ್ನೂ ಕಟ್ಟುತ್ತಾರೆ: ವಿಡಿಯೋಗೆ ಗೋಪ್ರೊ, ಫೋಟೋಗೆ ಮೇಲೊಂದು ಬಾಡಿ.

ಕ್ಯಾಮೆರಾ ತಲೆ ಮೇಲಿದ್ರೆ ಗುರಿ ಹೇಗೆ ಇಡ್ತೀರಿ? ವ್ಯೂಫೈಂಡರ್ ನೋಡೋಕೆ ಆಗಲ್ಲ ಅಲ್ವಾ?

ಆಗುವುದಿಲ್ಲ. ಕಣ್ಣಿನ ಮುಂದೆ ರಿಂಗ್ ಸೈಟ್ ಅಂತ ಒಂದು ಸಣ್ಣ ಗಾಜು ಇರುತ್ತದೆ. ಅದರಲ್ಲಿ ಒಂದರೊಳಗೊಂದು ಬಳೆಗಳ ಹಾಗೆ ವೃತ್ತ ಕಾಣುತ್ತದೆ. ವೃತ್ತದ ನಡುವೆ ಮುಖ ಬಂದರೆ ಚೌಕಟ್ಟಿನ ನಡುವೆಯೂ ಬಂದ ಹಾಗೆ. ಜಂಪಿಗೆ ಮುಂಚೆ ಎಂಟು ಹತ್ತು ಅಡಿ ದೂರದ ಗೋಡೆಗೆ ಟೇಪಿನಲ್ಲಿ ಒಂದು ಗುರುತು ಹಾಕಿ, ಹೆಲ್ಮೆಟ್ ಹಾಕಿಕೊಂಡು ನೋಡಿ, ಫೋಟೋ ತೆಗೆದು ಸರಿಮಾಡಿಕೊಳ್ಳಬೇಕು.

ಹಾಗಾಗಿ ದುಬಾರಿ ವ್ಯೂಫೈಂಡರ್‌ಗೆ ಹಣ ಕೊಡಬೇಡಿ. ತಿರುಗುವ ಪರದೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಗುರಿ ಹೊಂದಿಸುವಾಗ ಪಕ್ಕದವರಿಗೆ ಕಾಣುತ್ತದೆ. ಪೂರ್ತಿ ಮಡಚಿ ಒಳಮುಖ ಮಾಡುವಂಥದ್ದಾದರೆ ಹಾರುವಾಗ ಗೀರು ಬೀಳುವುದಿಲ್ಲ.

ನಾನು ಜಿಗಿಯಲ್ಲ. ದಸರಾ ಏರ್ ಶೋದಲ್ಲಿ ವಾಯುಪಡೆಯ ಸ್ಕೈಡೈವಿಂಗ್ ತಂಡ ಆಕಾಶಗಂಗಾದವರು ಇಳಿಯೋದನ್ನ ಕೆಳಗಿಂದ ತೆಗೀಬೇಕು.

ಹಾಗಿದ್ದರೆ ಇಲ್ಲಿ ಹೇಳುವ ತೂಕದ ಲೆಕ್ಕ ನಿಮಗೆ ಬೇಡ. ಬಾಡಿಗಿಂತ ಲೆನ್ಸ್ ಮುಖ್ಯ: 300 ಮಿ.ಮೀ.ಗೆ ಕಡಿಮೆ ಇಲ್ಲದ ಜೂಮ್, ಚಲಿಸುವುದನ್ನು ಬಿಡದೆ ಹಿಡಿಯುವ ಆಟೋಫೋಕಸ್, ಒಳ್ಳೆಯ ವ್ಯೂಫೈಂಡರ್. ಕೈಯಲ್ಲಿರುವ ಭಾರದ ಬಾಡಿಯೇ ಒಳ್ಳೆಯದು.

## ಬಾಡಿ ಆರಿಸುವಾಗ

ತಲೆ ಮೇಲೆ ಎಷ್ಟು ತೂಕದವರೆಗೆ ಪರವಾಗಿಲ್ಲ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ನನ್ನ ಮಿತಿ ಹೇಳುತ್ತೇನೆ: ಬಾಡಿ, ಲೆನ್ಸ್, ಬ್ಯಾಟರಿ, ಕಾರ್ಡ್ ಎಲ್ಲಾ ಸೇರಿ 600 ಗ್ರಾಂ.

ಬೀಳುವಾಗ ತೂಕ ಅಷ್ಟಾಗಿ ಗೊತ್ತಾಗುವುದಿಲ್ಲ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಗಂಟೆಗೆ ಸುಮಾರು 190 ಕಿ.ಮೀ. ವೇಗ, ಗಾಳಿಯೇ ಹೊತ್ತುಕೊಂಡ ಹಾಗಿರುತ್ತದೆ. ಪೆಟ್ಟು ಬೀಳುವುದು ಪ್ಯಾರಾಶೂಟ್ ಬಿಚ್ಚಿದಾಗ. ಕೆಲವೇ ಸೆಕೆಂಡಿನಲ್ಲಿ ಆ ವೇಗವೆಲ್ಲ ಇಳಿಯಬೇಕು. ಆ ಹೊತ್ತಿನಲ್ಲಿ ದೇಹದ ತೂಕ ನಾಲ್ಕು ಪಟ್ಟಾದರೆ ತಲೆಯ ಮೇಲಿನ 600 ಗ್ರಾಂ ಎರಡು ಕಿಲೋ ನಾನೂರು ಗ್ರಾಂ ಆಗುತ್ತದೆ. ಜೊತೆಗೆ ಹೆಲ್ಮೆಟ್ಟು, ಗೋಪ್ರೊ, ತಲೆಯದೇ ತೂಕ. ಜೋರಾಗಿ ಬಿಚ್ಚಿಕೊಂಡರೆ ಇನ್ನೂ ಜಾಸ್ತಿ. ಇದನ್ನೆಲ್ಲ ತಡೆಯಬೇಕಾದ್ದು ಕತ್ತು ಒಂದೇ, ಅದೂ ದಿನಕ್ಕೆ ಎಂಟು ಹತ್ತು ಸಲ. ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಈಗ ಲೆಕ್ಕ ಹಾಕಿ. ಕ್ಯಾನನ್ 5ಡಿ ಮಾರ್ಕ್ 4 ಬ್ಯಾಟರಿ, ಕಾರ್ಡ್ ಸೇರಿ 890 ಗ್ರಾಂ. ಅದಕ್ಕೆ 16-35 ಎಫ್4 ಲೆನ್ಸ್ ಹಾಕಿದರೆ ಇನ್ನೂ 615. ಒಟ್ಟು ಒಂದೂವರೆ ಕಿಲೋ. ಕ್ಯಾನನ್ 100ಡಿ 407 ಗ್ರಾಂ, 24 ಮಿ.ಮೀ. ಚಪ್ಪಟೆ ಲೆನ್ಸ್ 125, ಒಟ್ಟು 532. ಸೋನಿ ಎ6000 344 ಗ್ರಾಂ, ಅದರ 16 ಮಿ.ಮೀ. ಲೆನ್ಸ್ 67, ಒಟ್ಟು 411. ಒಂದೂವರೆ ಕಿಲೋ ಎಲ್ಲಿ, 411 ಗ್ರಾಂ ಎಲ್ಲಿ!

ಇನ್ನೊಂದು ಮಾತು: ಎತ್ತರ. ಅಷ್ಟೇ ತೂಕದ್ದಾದರೂ ಎತ್ತರದ ಬಾಡಿ ಕತ್ತನ್ನು ಹೆಚ್ಚು ಜಗ್ಗುತ್ತದೆ, ಸನ್ನೆಕೋಲಿನ ಹಾಗೆ. ಎ6000 ಥರದ ಬಾಡಿಯ ಮೇಲೆ ಗೂನು ಇಲ್ಲ, ತಲೆಗೆ ಒತ್ತಿಕೊಂಡು ಕೂರುತ್ತದೆ. ಪ್ಯಾರಾಶೂಟಿನ ಹಗ್ಗ ಸಿಕ್ಕಿಕೊಳ್ಳುವ ಮೂಲೆಯೂ ಕಡಿಮೆ. ಹಾಗೇನಾದರೂ ಸಿಕ್ಕಿಕೊಂಡರೆ ಒಂದೇ ಎಳೆತಕ್ಕೆ ಹೆಲ್ಮೆಟ್ ಬಿಚ್ಚಿ ಬಿಡುವ ವ್ಯವಸ್ಥೆ ಇರಲೇಬೇಕು. ಅದಿಲ್ಲದ ಹೆಲ್ಮೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ಅಂಗಡೀಲಿ ಬಾಡಿ ಕೈಗೆ ಕೊಟ್ರೆ ಮೊದಲು ಏನು ನೋಡ್ಲಿ?

ಪಕ್ಕದ ರಬ್ಬರ್ ಮುಚ್ಚಳ ತೆಗೆದು ರಿಮೋಟ್ ತೂತು ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಕೊಡಿ, ಮುಂದಿನದು ನೋಡುವ ಅಗತ್ಯವೇ ಇಲ್ಲ.

ಯಾಕೆ ಅಂದರೆ ಗಾಳಿಯಲ್ಲಿ ನಿಮ್ಮ ಕೈಗಳು ರೆಕ್ಕೆ. ಎತ್ತರ, ದೂರ, ವೇಗ ಎಲ್ಲವನ್ನೂ ಕೈಕಾಲಿನಿಂದಲೇ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಬಟನ್ ಒತ್ತುವುದಕ್ಕೆ ಉಳಿಯುವುದು ಬಾಯಿ. ಹಲ್ಲಿನಲ್ಲಿ ಕಚ್ಚುವ ಬೈಟ್ ಸ್ವಿಚ್, ನಾಲಿಗೆಯಲ್ಲಿ ಒತ್ತುವ ಸ್ವಿಚ್, ಊದುವ ಸ್ವಿಚ್ ಎಲ್ಲಾ ಇವೆ. ಎಲ್ಲದರ ವೈರೂ ಆ ತೂತಿಗೇ ಹೋಗಬೇಕು.

ಕ್ಯಾನನ್‌ನ ಚಿಕ್ಕ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವಂಥವು), ಕನ್ನಡಿ ಇಲ್ಲದ ಮಿರರ್‌ಲೆಸ್ ಆರ್10, ಆರ್7, ಆರ್8ರಲ್ಲಿ ಇರುವುದು 2.5 ಮಿ.ಮೀ. ಜ್ಯಾಕ್, ಹಳೇ ಫೋನಿನ ಇಯರ್‌ಫೋನ್ ಪಿನ್ನಿನ ಹಾಗೆ. ಇದು ತುಂಬಾ ಸರಳ: ತುದಿ ಶಟರ್‌ಗೆ, ನಡುವಿನ ಉಂಗುರ ಫೋಕಸ್‌ಗೆ, ಬುಡ ಅರ್ಥ್. ಮೂರನ್ನೂ ಒಟ್ಟಿಗೆ ಮುಟ್ಟಿಸಿದರೆ ಫೋಟೋ ಬೀಳುತ್ತದೆ. ವೈರ್ ಕಿತ್ತುಹೋದರೆ ಬೆಸುಗೆ ಹಾಕುವ ಯಾರಾದರೂ ಹತ್ತು ನಿಮಿಷದಲ್ಲಿ ಸರಿಮಾಡುತ್ತಾರೆ. 5ಡಿ, 7ಡಿ, ಆರ್5ರಲ್ಲಿ ಬೇರೆ ಥರದ ಪಿನ್ ಇದೆ. ಸೋನಿ ಎ6000, ಎ6400ರಲ್ಲಿ ಮೈಕ್ರೋ ಯುಎಸ್‌ಬಿ ತರಹದ ತೂತು, ಅದಕ್ಕೆ ಬೇರೆ ವೈರ್. ಕೆಲವು ಹೊಸ ಚಿಕ್ಕ ಬಾಡಿಗಳಲ್ಲಿ ತೂತೇ ಇಲ್ಲ, ಬ್ಲೂಟೂತ್ ರಿಮೋಟ್ ಮಾತ್ರ. 13,000 ಅಡಿಯಲ್ಲಿ ಬ್ಲೂಟೂತ್ ಸೇರಿಕೊಳ್ಳಲಿ ಅಂತ ಕಾಯುವುದಕ್ಕೆ ಸಮಯ ಇರುವುದಿಲ್ಲ.

ಆಮೇಲೆ ಬಾಡಿಯನ್ನು ತಿರುಗಿಸಿ ತಳ ನೋಡಿ. ಹೆಲ್ಮೆಟ್ಟಿಗೆ ಪ್ಲೇಟ್ ಹಾಕಿ ಬಿಗಿಯುವುದು ಟ್ರೈಪಾಡ್ ಸ್ಕ್ರೂ ಇರುವ ಕಡೆ. ಬ್ಯಾಟರಿ, ಕಾರ್ಡ್ ಬಾಗಿಲೂ ತಳದಲ್ಲೇ ಇದ್ದರೆ ಪ್ಲೇಟ್ ಅದನ್ನು ಮುಚ್ಚಿಬಿಡಬಹುದು. ಆಗ ಪ್ರತಿ ಜಂಪಿಗೂ ಕ್ಯಾಮೆರಾ ಬಿಚ್ಚಬೇಕು, ಮತ್ತೆ ಗುರಿ ಹೊಂದಿಸಬೇಕು. ಮುಂದಿನ ವಿಮಾನಕ್ಕೆ ಹತ್ತು ನಿಮಿಷ ಇರುವಾಗ ಇದು ದೊಡ್ಡ ತಲೆನೋವು. ಪ್ಲೇಟನ್ನು ಅಂಗಡಿಗೇ ತೆಗೆದುಕೊಂಡು ಹೋಗಿ, ಇಟ್ಟು ನೋಡಿ.

ಡಿಎಸ್‌ಎಲ್‌ಆರಾ, ಮಿರರ್‌ಲೆಸ್ಸಾ?

ಹೊಸದಾಗಿ ಕೊಳ್ಳುವವರಿಗೆ ಮಿರರ್‌ಲೆಸ್. ಚಿಕ್ಕದು, ಚಪ್ಪಟೆ, ಮುಖ ಹುಡುಕುವ ಆಟೋಫೋಕಸ್ ಇರುತ್ತದೆ. ಆದರೆ ಚಿಕ್ಕ ಡಿಎಸ್‌ಎಲ್‌ಆರ್ ಅನ್ನು ನಾನು ಇವತ್ತಿಗೂ ತಳ್ಳಿಹಾಕುವುದಿಲ್ಲ. ಆನ್ ಮಾಡಿಟ್ಟರೆ ದಿನಗಟ್ಟಲೆ ಹಾಗೇ ಇರುತ್ತದೆ, ಕಚ್ಚಿದ ತಕ್ಷಣ ಎಚ್ಚರಾಗುತ್ತದೆ. ಕೆಲವು ಮಿರರ್‌ಲೆಸ್ ಬಾಡಿಗಳು ನಿದ್ದೆಯಿಂದ ಏಳುವುದಕ್ಕೆ ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತವೆ. ವಿಮಾನದ ಬಾಗಿಲಲ್ಲಿ ಟ್ಯಾಂಡೆಮ್ ಜೋಡಿ ಹೊರಗೆ ಬೀಳುವ ಕ್ಷಣಕ್ಕೆ ಅಷ್ಟೂ ಸಮಯ ಇಲ್ಲ. ಯಾವುದೇ ಕೊಂಡರೂ ಆಟೋ ಪವರ್ ಆಫ್ ಅನ್ನು ಅರ್ಧ ಗಂಟೆಗೆ ಇಡಿ, ಇಲ್ಲವೇ ಪೂರ್ತಿ ತೆಗೆದುಹಾಕಿ.

ಫುಲ್ ಫ್ರೇಮ್ ಬೇಕೇ ಬೇಕಾ?

ಬೇಡ. ಫುಲ್ ಫ್ರೇಮ್ ಅಂದರೆ ಹಳೇ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್. ಹಗಲಿನಲ್ಲಿ ಎಫ್8 (ಲೆನ್ಸಿನ ಕಿಂಡಿ ಚಿಕ್ಕದು ಮಾಡಿ) ಇಟ್ಟು ತೆಗೆಯುವ ಕೆಲಸಕ್ಕೆ ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಸಾಕು. ಮುಸ್ಸಂಜೆಯಲ್ಲಿ ಹಾರುವವರು, ನೂರಾರು ಜನ ಕೈ ಹಿಡಿದು ಮಾಡುವ ದೊಡ್ಡ ರಚನೆಗಳನ್ನು ತೆಗೆಯುವವರು, ಪೋಸ್ಟರ್ ಮಾಡಿ ಮಾರುವವರು ಫುಲ್ ಫ್ರೇಮ್ ಯೋಚಿಸಬಹುದು. ಅವರೂ 461 ಗ್ರಾಂನ ಆರ್8, 509 ಗ್ರಾಂನ ಸೋನಿ ಎ7ಸಿ ಥರದ್ದನ್ನೇ ನೋಡಲಿ.

ಸೆಕೆಂಡಿಗೆ 15 ಫ್ರೇಮ್ ಇದ್ರೆ ಒಳ್ಳೇದಲ್ವಾ? ಮೆಗಾಪಿಕ್ಸೆಲ್ ಎಷ್ಟಿರಬೇಕು?

ನಾಲ್ಕೈದು ಫ್ರೇಮ್ ಸಾಕು. 13,000 ಅಡಿಯಿಂದ ಬಿದ್ದರೆ ಸುಮಾರು ಒಂದು ನಿಮಿಷ. ಸೆಕೆಂಡಿಗೆ 15ರಂತೆ ಕಚ್ಚಿಕೊಂಡೇ ಇದ್ದರೆ 900 ಫೋಟೋ. ಯಾರು ನೋಡುತ್ತಾರೆ, ಯಾರು ಆರಿಸುತ್ತಾರೆ? ಇಳಿದ ಅರ್ಧ ಗಂಟೆಯೊಳಗೆ ಗ್ರಾಹಕರ ಕೈಗೆ ಕೊಡಬೇಕು. ಮೇಲಾಗಿ ಬಫರ್ (ಕಾರ್ಡಿಗೆ ಹೋಗುವ ಮುಂಚೆ ಫೋಟೋ ಕೂರುವ ಜಾಗ) ತುಂಬಿದರೆ ಬಾಡಿ ನಿಂತುಹೋಗುತ್ತದೆ. ಅದು ನಿಲ್ಲುವುದು ಪ್ಯಾರಾಶೂಟ್ ಬಿಚ್ಚುವ ಹೊತ್ತಿಗೇ, ಅಂದರೆ ಟ್ಯಾಂಡೆಮ್ ಜೋಡಿ ಚೌಕಟ್ಟಿನಿಂದ ಮೇಲಕ್ಕೆ ಚಿಮ್ಮುವ ಒಳ್ಳೆಯ ಕ್ಷಣಕ್ಕೇ.

ಜೆಪೆಗ್‌ನಲ್ಲಿ ತೆಗೆಯಿರಿ, ವೇಗದ ಕಾರ್ಡ್ ಹಾಕಿ, ಮೂರು ನಾಲ್ಕು ಫ್ರೇಮಿನ ಚಿಕ್ಕ ಚಿಕ್ಕ ಕಂತುಗಳಲ್ಲಿ ಕಚ್ಚಿ. 18 ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಬೇಕಾಗಿ ಬಂದದ್ದು ನನಗೆ ನೆನಪಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಸರಿನಾ?

ಸರಿ. ನಾನು ಅದನ್ನೇ ಹೇಳುತ್ತೇನೆ. ಈ ಕೆಲಸ ಬಾಡಿಯನ್ನು ತಿನ್ನುತ್ತದೆ. ಜಂಪಿಗೆ 100 ಫೋಟೋ, ದಿನಕ್ಕೆ ಹತ್ತು ಜಂಪ್ ಅಂದರೆ ಸಾವಿರ ಕ್ಲಿಕ್. ಚಿಕ್ಕ ಬಾಡಿಗಳ ಶಟರ್ ಆಯಸ್ಸನ್ನು ಸಾಮಾನ್ಯವಾಗಿ ಒಂದು ಲಕ್ಷ ಅಂತ ಲೆಕ್ಕ ಇಡುತ್ತಾರೆ, ಅಂದರೆ ನೂರು ದಿನದ ದುಡಿಮೆ. ಇದರ ಜೊತೆಗೆ ಬಾಗಿಲಿಗೆ ತಗಲುವುದು, ಇಳಿಯುವಾಗ ಮಣ್ಣಿಗೆ ಉರುಳುವುದು ಇದ್ದೇ ಇದೆ.

ಒಂದು ಹೊಸ ಬಾಡಿಯ ದುಡ್ಡಿಗೆ ಒಂದೇ ಮಾದರಿಯ ಎರಡು ಹಳೇ ಬಾಡಿ ಕೊಳ್ಳಿ. ಬ್ಯಾಟರಿ ಒಂದೇ, ಪ್ಲೇಟ್ ಒಂದೇ, ಸ್ವಿಚ್ ಒಂದೇ. ಬೆಳಗ್ಗೆ ಒಂದು ಕೆಟ್ಟರೆ ಮಧ್ಯಾಹ್ನದ ಜಂಪಿಗೆ ಇನ್ನೊಂದು ತಯಾರು. ಕೊಳ್ಳುವಾಗ ಶಟರ್ ಎಣಿಕೆ ಕೇಳಿ. ರಿಮೋಟ್ ತೂತಿಗೆ ನಿಮ್ಮದೇ ಸ್ವಿಚ್ ಚುಚ್ಚಿ, ಅಲ್ಲಾಡಿಸಿ, ಇಪ್ಪತ್ತು ಸಲ ಕಚ್ಚಿ ನೋಡಿ. ಸಡಿಲವಾದ ತೂತಿನ ಬಾಡಿ ಬಿಟ್ಟಿ ಕೊಟ್ಟರೂ ಬೇಡ.

ವೆದರ್ ಸೀಲಿಂಗ್?

ಅದಕ್ಕಾಗಿ ತೂಕ ಏರಿಸಬೇಡಿ. ಮಳೆಯಲ್ಲಿ ಹೇಗೂ ಜಿಗಿಯುವುದಿಲ್ಲ.

## ಈಗಾಗಲೇ ಹಾರುತ್ತಿರುವವರಿಗೆ

ಕಚ್ಚಿದ್ರೂ ಎಷ್ಟೋ ಸಲ ಫೋಟೋನೇ ಬೀಳಲ್ಲ. ಬಾಡಿ ಕೆಟ್ಟಿದ್ಯಾ?

ಬಹುಶಃ ಇಲ್ಲ. ಆಟೋಫೋಕಸ್ ಹುಡುಕುತ್ತಾ ಕೂತಿದೆ. ನೀಲಿ ಆಕಾಶ ಸಿಕ್ಕರೆ ಅದಕ್ಕೆ ಹಿಡಿಯಲು ಏನೂ ಇಲ್ಲ. ಫೋಕಸ್ ಸಿಗುವ ತನಕ ಶಟರ್ ಬಿಡಬಾರದು ಅನ್ನುವ ಸೆಟ್ಟಿಂಗ್ ಇದ್ದರೆ ನೀವು ಕಚ್ಚುತ್ತಲೇ ಇರುತ್ತೀರಿ. ಮೆನುವಿನಲ್ಲಿ ಶಟರ್‌ಗೆ ಮೊದಲ ಆದ್ಯತೆ ಕೊಡಿ.

ಅದಕ್ಕಿಂತ ಒಳ್ಳೆಯದು, ಆಟೋಫೋಕಸ್ಸೇ ಬಿಡಿ. ಎಪಿಎಸ್-ಸಿ ಬಾಡಿಯಲ್ಲಿ 18 ಮಿ.ಮೀ., ಎಫ್8 ಇಟ್ಟು ಸುಮಾರು 2.1 ಮೀಟರಿಗೆ ಫೋಕಸ್ ಮಾಡಿದರೆ ಒಂದು ಮೀಟರ್‌ನಿಂದ ಹಿಡಿದು ದಿಗಂತದ ತನಕ ಎಲ್ಲವೂ ಸ್ಪಷ್ಟ. ಟ್ಯಾಂಡೆಮ್‌ನಿಂದ ನಾವು ಇರುವುದು ಎರಡು ಮೂರು ಮೀಟರ್ ದೂರ. ಎರಡು ಮೀಟರಿನಲ್ಲಿ ಆ ಲೆನ್ಸಿಗೆ ಸುಮಾರು ಎರಡೂವರೆ ಮೀಟರ್ ಅಗಲ ಕಾಣುತ್ತದೆ, ಕೈ ಚಾಚಿದ ಇಬ್ಬರು ಸರಿಯಾಗಿ ಕೂರುತ್ತಾರೆ. ಫೋಕಸ್ ಉಂಗುರಕ್ಕೂ ಜೂಮ್ ಉಂಗುರಕ್ಕೂ ಟೇಪ್ ಸುತ್ತಿಬಿಡಿ. ಹೀಗೆ ಮಾಡುವುದಾದರೆ ಹತ್ತು ವರ್ಷದ ಹಳೇ ಬಾಡಿಗೂ ಹೊಸದಕ್ಕೂ ಫೋಕಸ್ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ.

ಶಟರ್ ಸ್ಪೀಡ್, ಐಎಸ್‌ಒ ಎಷ್ಟಿಡ್ಲಿ?

ಶಟರ್ ಪ್ರಯಾರಿಟಿ (ಶಟರ್ ವೇಗ ನಾವು ಇಡುವುದು, ಲೆನ್ಸಿನ ಕಿಂಡಿ ಕ್ಯಾಮೆರಾ ನೋಡಿಕೊಳ್ಳುವುದು), 1/500ಕ್ಕೆ ಕಡಿಮೆ ಇಲ್ಲ, 1/1000 ಇನ್ನೂ ಒಳ್ಳೆಯದು. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಆಟೋ, ಮೇಲಿನ ಮಿತಿ 1600. ಫೋಕಸ್ ಕಟ್ಟಿಟ್ಟವರು ಮ್ಯಾನುಯಲ್‌ನಲ್ಲಿ ಎಫ್8, 1/1000 ಇಟ್ಟು ಐಎಸ್‌ಒ ಒಂದನ್ನೇ ಆಟೋ ಬಿಡಿ. ಮೇಲೆ ಆಕಾಶ, ಕೆಳಗೆ ಹೊಲ, ಬಾಗಿಲ ಒಳಗೆ ಕತ್ತಲೆ, ಎಲ್ಲವೂ ಒಂದು ನಿಮಿಷದಲ್ಲಿ ಬರುತ್ತದೆ. ಕೈಯಲ್ಲಿ ತಿರುಗಿಸುವುದಕ್ಕಂತೂ ಆಗುವುದಿಲ್ಲ.

ಮೋಡ್ ಡಯಲ್‌ಗೂ ಟೇಪ್ ಹಾಕಿ. ಒಮ್ಮೆ ವಿಮಾನದಲ್ಲಿ ಇಕ್ಕಟ್ಟಾಗಿ ಕೂತಾಗ ಮುಂದಿನವರ ಪ್ಯಾರಾಶೂಟ್ ಚೀಲಕ್ಕೆ ಉಜ್ಜಿ ನನ್ನ ಡಯಲ್ ಎರಡು ಮನೆ ಆಚೆ ತಿರುಗಿತ್ತು. ಕೆಳಗೆ ಬಂದು ನೋಡಿದರೆ ಎಲ್ಲ ಫೋಟೋದಲ್ಲೂ ಮುಖ ಕದಡಿಹೋಗಿತ್ತು. ಆ ಹುಡುಗಿ ಅಪ್ಪನ ಜೊತೆ ಬಂದಿದ್ದಳು, ಮಾರನೇ ದಿನ ಊರಿಗೆ ಹೊರಡುವವಳು. ಅವಳಿಗೆ ಏನು ಹೇಳಲಿ? ಅವತ್ತಿನಿಂದ ಬಾಡಿ ಕೊಳ್ಳುವಾಗ ಡಯಲ್‌ಗೆ ಬೀಗ ಇದೆಯಾ ಅಂತಲೂ ನೋಡುತ್ತೇನೆ. ಇಲ್ಲದಿದ್ದರೆ ಟೇಪ್.

ಎಲೆಕ್ಟ್ರಾನಿಕ್ ಶಟರ್, ಸ್ಟೆಬಿಲೈಸೇಶನ್ ಆನ್ ಮಾಡ್ಲಾ?

ಎರಡನ್ನೂ ಆಫ್ ಮಾಡಿ. ಗಾಳಿಯ ನಡುಕದಲ್ಲಿ ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ವಿಮಾನದ ರೆಕ್ಕೆ, ಹಗ್ಗ ಎಲ್ಲ ಬಾಗಿ ಬರುತ್ತವೆ. ಮೆಕ್ಯಾನಿಕಲ್ ಶಟರ್‌ನ ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ: ಬಾಗಿಲ ಹತ್ತಿರ ಬಂದಾಗ ಬಾಡಿಯ ಮೇಲೆ ಬೆರಳಿಟ್ಟು ಒಮ್ಮೆ ಕಚ್ಚಿದರೆ ಟಕ್ ಅಂತ ಬೆರಳಿಗೆ ತಾಗುತ್ತದೆ. ಎಂಜಿನ್ ಸದ್ದಿನಲ್ಲಿ ಕಿವಿಗೆ ಕೇಳುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಕ್ಯಾಮೆರಾ ಎದ್ದಿದೆ, ವೈರ್ ಸರಿ ಇದೆ ಅನ್ನುವುದಕ್ಕೆ ನನಗೆ ಅದೇ ಸಾಕ್ಷಿ. ಇನ್ನು ಸ್ಟೆಬಿಲೈಸೇಶನ್ ಇರುವುದು ಕೈ ನಡುಕಕ್ಕೆ. 1/1000ರಲ್ಲಿ ಅದರ ಕೆಲಸ ಏನೂ ಇಲ್ಲ.

ಮೇಲೆ ಚಳಿಗೆ ಬ್ಯಾಟರಿ ಇಳಿಯುತ್ತೆ, ಕೆಳಗೆ ಬಂದ್ರೆ ಲೆನ್ಸಿಗೆ ಮಂಜು ಹಿಡಿಯುತ್ತೆ. ಏನ್ ಮಾಡೋದು?

ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಕೆಳಗೆ 30 ಡಿಗ್ರಿ ಇದ್ದರೆ 13,000 ಅಡಿಯಲ್ಲಿ ನಾಲ್ಕೈದು ಡಿಗ್ರಿ. ಬ್ಯಾಟರಿ ಅರ್ಧಕ್ಕೆ ಬಂದಾಗಲೇ ಬದಲಾಯಿಸಿ, ಬೇರೊಂದನ್ನು ಸೂಟಿನ ಒಳಜೇಬಿನಲ್ಲಿ ಬೆಚ್ಚಗೆ ಇಡಿ. ಮಂಜು ಹಿಡಿಯುವುದು ಕರಾವಳಿಯಂಥ ತೇವದ ಊರುಗಳಲ್ಲಿ ಜಾಸ್ತಿ, ಅದೂ ಫ್ರೀಫಾಲ್ (ಪ್ಯಾರಾಶೂಟ್ ಬಿಚ್ಚುವ ಮುಂಚಿನ ಬೀಳುವಿಕೆ) ಮುಗಿದ ಮೇಲೆ. ಹಾಗಾಗಿ ಮುಖ್ಯವಾದ ಫೋಟೋಗಳಿಗೆ ತೊಂದರೆ ಇಲ್ಲ. ಇಳಿಯುವ ಫೋಟೋ ತೆಗೆಯಬೇಕಾದರೆ ಕಣ್ಣಿಗೆ ಬಿದ್ದ ತಕ್ಷಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ.

4-ವೇ ತಂಡಕ್ಕೆ ಕ್ಯಾಮೆರಾ ಹಾರಿಸ್ತೀನಿ. ಇದೇ ಬಾಡಿ ನಡೆಯುತ್ತಾ?

ಅಲ್ಲಿ ಫೋಟೋ ಬಾಡಿಯೇ ಬೇಡ. 4-ವೇ ಸ್ಪರ್ಧೆಯಲ್ಲಿ, ಅಂದರೆ ನಾಲ್ವರು ಬೀಳುತ್ತಾ ಒಬ್ಬರನ್ನೊಬ್ಬರು ಹಿಡಿದು ರಚನೆ ಮಾಡುವ ಸ್ಪರ್ಧೆಯಲ್ಲಿ, ಅಂಕ ಕೊಡುವುದು ನಿಮ್ಮ ವಿಡಿಯೋ ನೋಡಿ, ಲೆಕ್ಕ ಇರುವುದು 35 ಸೆಕೆಂಡಿನದು. ನಾಲ್ವರೂ, ಅವರ ಎಲ್ಲ ಹಿಡಿತಗಳೂ ಚೌಕಟ್ಟಿನಲ್ಲಿ ಕಾಣಬೇಕು. ಒಂದು ಹಿಡಿತ ಕಾಣದೆ ಹೋದರೂ ಆ ರಚನೆಯ ಅಂಕ ತಂಡದ ಕೈತಪ್ಪಬಹುದು. ನಂಬಿಕೆಯ ವಿಡಿಯೋ ಕ್ಯಾಮೆರಾ ಒಂದು, ಅದು ಕೈಕೊಟ್ಟರೆ ಅಂತ ಜೊತೆಗೊಂದು ಗೋಪ್ರೊ. ತಲೆ ಹಗುರವಾಗಿದ್ದಷ್ಟೂ ನೀವು ಅವರ ಮೇಲೆ ನೆಟ್ಟಗೆ ನಿಲ್ಲುತ್ತೀರಿ.

ಸುತ್ತಿ ಬಳಸಿ ಬೇಡ. ನಾನು ಇವತ್ತು ಕೊಳ್ಳೋದಾದ್ರೆ ಯಾವುದು?

ದುಡ್ಡು ಕಡಿಮೆ ಇದ್ದರೆ ಹಳೇ ಕ್ಯಾನನ್ 100ಡಿ ಅಥವಾ 200ಡಿ ಎರಡು, ಜೊತೆಗೆ 18-55 ಕಿಟ್ ಲೆನ್ಸ್ (ಇದು ನನ್ನ 600 ಗ್ರಾಂ ಮಿತಿಯನ್ನು ಸ್ವಲ್ಪ ದಾಟುತ್ತದೆ). ಕತ್ತಿನ ಮೇಲೆ ಅತಿ ಕಡಿಮೆ ಭಾರ ಬೇಕು ಅಂದರೆ ಹಳೇ ಸೋನಿ ಎ6000, ಅದರ 16 ಮಿ.ಮೀ. ಲೆನ್ಸ್. ಹೊಸದೇ ಬೇಕು ಅಂದರೆ ಕ್ಯಾನನ್ ಆರ್10: ಬಾಡಿ 429 ಗ್ರಾಂ, 18-45 ಲೆನ್ಸ್ 130 ಗ್ರಾಂ, 2.5 ಮಿ.ಮೀ. ಜ್ಯಾಕ್, ಮೆಕ್ಯಾನಿಕಲ್ ಶಟರ್ ಎಲ್ಲಾ ಇದೆ. ಕೊಂಡ ಮೇಲೆ ಮೊದಲ ಹತ್ತು ಜಂಪ್ ಯಾರ ಫೋಟೋವನ್ನೂ ಒಪ್ಪಿಕೊಳ್ಳಬೇಡಿ. ಒಬ್ಬರೇ ಹಾರಿ. ಹೆಲ್ಮೆಟ್ಟಿನ ತೂಕದಲ್ಲಿ ಪ್ಯಾರಾಶೂಟ್ ಬಿಚ್ಚುವಾಗ ಗಲ್ಲವನ್ನು ಎಲ್ಲಿಡಬೇಕು ಅನ್ನುವುದನ್ನು ಕತ್ತು ಕಲಿಯಲಿ.